ಮೌಲ್ಯಗಳ ಪಟ್ಟಿಯೂ ವೃತ್ತಿಯ ಉತ್ಸಾಹವೂ

ಈಚೆಗೆ ಒಂದು ಹೊಸ ಉಪದೇಶವು ನಮ್ಮ ವಿದ್ಯಾವಂತ ಕುಟುಂಬಗಳನ್ನು ಪ್ರವೇಶಿಸಿರುವುದು. ಉದ್ಯೋಗದಲ್ಲಿ ಬೇಸರ ಹುಟ್ಟಿದವನು ಒಂದು ಕಾಗದವನ್ನು ಮುಂದಿಟ್ಟುಕೊಂಡು, ಅದರಲ್ಲಿ ಅಚ್ಚಾಗಿರುವ ಪ್ರಾಮಾಣಿಕತೆ, ಸ್ವಾತಂತ್ರ್ಯ, ಸೇವೆ, ಸಾಧನೆ, ಧೈರ್ಯ ಎಂಬಿವೇ ಮೊದಲಾದ ಐವತ್ತು ಅರುವತ್ತು ಪದಗಳಲ್ಲಿ ತನಗೊಪ್ಪುವ ಐದನ್ನು ಗುರುತು ಮಾಡಬೇಕಂತೆ. ಆ ಐದೇ ಅವನ ಸ್ವಂತ ಮೌಲ್ಯಗಳಂತೆ. ಅವನ್ನು ಮೇಜಿನ ಮುಂದೆ ಅಂಟಿಸಿಕೊಂಡು ದಿನವೂ ನೋಡುತ್ತಿದ್ದರೆ ಕೆಲಸದಲ್ಲಿ ಉತ್ಸಾಹವು ತಾನಾಗಿ ಉಕ್ಕುವುದಂತೆ. ಬೆಂಗಳೂರಿನಲ್ಲಿ ಸಾಲ ಕೊಡುವ ಸಂಸ್ಥೆಯೊಂದರ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ದೀಪಾವಳಿಗೆ ಬಂದಾಗ ಇಂಥ ಕಾಗದವೊಂದನ್ನು ತೋರಿಸಿದನು. “ಮಾವ, ಐದನ್ನೂ ಆರಿಸಿ ಎಂಟು ತಿಂಗಳಾಯಿತು. ಆದರೂ ಸೋಮವಾರ ಬಂತೆಂದರೆ ಎದೆ ಭಾರವಾಗುತ್ತದೆ. ನಾನು ಆರಿಸಿದ್ದೇ ತಪ್ಪಾಯಿತೋ ಏನೋ” ಎಂದನು. ತಪ್ಪು ಅವನದಲ್ಲ, ಆ ಉಪದೇಶದ್ದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳತಕ್ಕದ್ದು. ಈ ಪಟ್ಟಿಗಳ ಹಿಂದೆ ಪಂಡಿತರ ಪರಿಶ್ರಮವಿಲ್ಲದೆ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞನಾದ ಮಿಲ್ಟನ್ ರೋಕೀಚನು ಮಾನವ ಮೌಲ್ಯಗಳ ಸ್ವರೂಪವನ್ನು ಕುರಿತು 1973ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಬಾಳಿನಲ್ಲಿ ಪಡೆಯಬೇಕಾದ ಗುರಿಗಳು 18, ನಡತೆಯ ಗುಣಗಳು 18, ಹೀಗೆ ಎರಡು ಪಟ್ಟಿಗಳು ಅವನವು. ಆದರೆ ಅವನು ಇಷ್ಟವಾದುದಕ್ಕೆ ಗುರುತು ಹಾಕಿರೆಂದು ಹೇಳಲಿಲ್ಲ. ಒಂದರಿಂದ ಹದಿನೆಂಟರವರೆಗೆ ತಾರತಮ್ಯದಿಂದ ಜೋಡಿಸಿರೆಂದನು. ಲೋಕಶಾಂತಿ ಬೇಕೆ ಎಂದರೆ ಬೇಡವೆನ್ನುವವರುಂಟೆ? ಅದನ್ನು ಕುಟುಂಬದ ಭದ್ರತೆಗಿಂತ ಮೇಲಿಡುವಿರೋ ಕೆಳಗಿಡುವಿರೋ ಎಂದು ಕೇಳಿದಾಗಲೇ ಕೈ ತಡೆಯುವುದು. ಅನಂತರ 1992ರಲ್ಲಿ ಶಾಲೋಮ್ ಶ್ವಾರ್ಟ್ಸನು ಮೌಲ್ಯಗಳನ್ನು ಹತ್ತು ಬಗೆಯಾಗಿ ವಿಂಗಡಿಸಿ ಒಂದು ಚಕ್ರದ ಆಕಾರದಲ್ಲಿ ನಿಲ್ಲಿಸಿದನು. ಪಕ್ಕಪಕ್ಕದವು ಪರಸ್ಪರ ಹೊಂದಿಕೊಳ್ಳುವುವು, ಎದುರುಬದುರಿನವು ಸೆಣಸುವುವು. ಅಧಿಕಾರದ ಆಸೆಯೂ ಸ್ವಂತ ಸಾಧನೆಯೂ ಒಂದು ಕಡೆ, ಪರಹಿತವೂ ಸರ್ವಸಮದೃಷ್ಟಿಯೂ ಅವಕ್ಕೆ ಎದುರು. ಒಂದನ್ನು ಬಿಗಿಹಿಡಿದರೆ ಮತ್ತೊಂದು ಸಡಿಲವಾಗುವುದು. ಆ ಪಂಡಿತರು ಒಂದನ್ನು ಪಡೆಯಲು ಮತ್ತೊಂದನ್ನು ಬಿಡಬೇಕೆಂದರು. ಈಗಿನ ಉಪದೇಶಕರಾದರೋ ಪಡೆಯುವುದನ್ನು ಉಳಿಸಿಕೊಂಡು ಬಿಡುವುದನ್ನು ಅಳಿಸಿಹಾಕಿದರು. ಮೌಲ್ಯವೆಂಬ ಶಬ್ದಕ್ಕೆ ಬೆಲೆಯೆಂಬ ಅರ್ಥವೂ ಉಂಟಷ್ಟೆ? ಬೆಲೆಯನ್ನು ತೆರದವನಿಗೆ ಮೌಲ್ಯವು ತಿಳಿಯುವುದೆಂತು?

ಇನ್ನು ನಮ್ಮ ಶಾಸ್ತ್ರದ ದೃಷ್ಟಿಯಿಂದ ನೋಡೋಣ. ಅಲಂಕಾರಶಾಸ್ತ್ರದಲ್ಲಿ ಉತ್ಸಾಹವು ವೀರರಸಕ್ಕೆ ಸ್ಥಾಯಿಭಾವವು. ಭಾವವು ವ್ಯಕ್ತವಾಗಬೇಕಾದರೆ ವಿಭಾವವು, ಎಂದರೆ ತಕ್ಕ ಕಾರಣವು, ಇರಬೇಕು. ಇಲ್ಲಿ ವೀರವುಂಟು, ಇಲ್ಲಿ ಕರುಣವುಂಟು ಎಂದು ಕವಿಯು ಹೆಸರು ಹೇಳಿದ ಮಾತ್ರಕ್ಕೆ ಓದುವವನಲ್ಲಿ ರಸವು ಹುಟ್ಟದು. ಆನಂದವರ್ಧನನು ಧ್ವನ್ಯಾಲೋಕದಲ್ಲಿ ಇದನ್ನು ಸ್ಥಾಪಿಸಿದನು. ಮಮ್ಮಟನು ಕಾವ್ಯಪ್ರಕಾಶದಲ್ಲಿ ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ದೋಷಗಳ ಸಾಲಿನಲ್ಲಿರಿಸಿದನು. ಕಾವ್ಯದಲ್ಲಿ ದೋಷವಾದುದು ಕಛೇರಿಯಲ್ಲಿ ಗುಣವಾದೀತೆ? ಪ್ರಾಮಾಣಿಕತೆ ಎಂಬ ಪದವನ್ನು ಗೋಡೆಯ ಮೇಲೆ ಬರೆಯಬಹುದು. ಅದರ ಕೆಳಗೆ ಕುಳಿತವನು ಏನನ್ನು ಮಾಡುತ್ತಿರುವನೆಂಬುದೇ ಅವನ ಮನಸ್ಸನ್ನು ಏರಿಸುವುದು, ಇಳಿಸುವುದು.

ಪರೋಪದೇಶವು ಸುಲಭವಾದುದರಿಂದ ನನ್ನ ಸಂಗತಿಯನ್ನೇ ಹೇಳುವೆನು. ಪಾಠಶಾಲೆಯಲ್ಲಿ ಓದಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನು ಕಲಿಸಿದೆನು. ನಿಮ್ಮ ಮೌಲ್ಯವಾವುದೆಂದು ಯಾರಾದರೂ ಕೇಳಿದ್ದರೆ ವಿದ್ಯೆಯೆಂದು ತಟ್ಟನೆ ಹೇಳುತ್ತಿದ್ದೆನು. ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು. ಅವುಗಳಲ್ಲಿ 25ನ್ನು ಶಾಲೆಯಲ್ಲಿಯೇ ಆಂತರಿಕ ಮೌಲ್ಯಮಾಪನದಿಂದ ಕೊಡುವ ಪದ್ಧತಿಯು ಬಂದಿತು. “ಎಲ್ಲರಿಗೂ ಪೂರ್ತಿ ಹಾಕಿಬಿಡಿ ಮೇಷ್ಟ್ರೆ, ಶಾಲೆಯ ಫಲಿತಾಂಶ ಕೆಡಬಾರದು” ಎಂದು ಮೇಲಿನವರು ಹೇಳಿದರು. ನಾನು ಹಾಕಿದೆನು. ಒಂದು ಶಬ್ದರೂಪವನ್ನೂ ಒಪ್ಪಿಸದ ಹುಡುಗನಿಗೂ 25. ನಾನು ಹೇಳದಿದ್ದರೂ ಪ್ರತಿ ಶ್ಲೋಕಕ್ಕೂ ಅನ್ವಯವನ್ನು ಬರೆದುಕೊಂಡು ಬರುತ್ತಿದ್ದ ಹುಡುಗಿಗೂ 25. ಆ ಹುಡುಗಿಯು ಅಂಕಪಟ್ಟಿಯನ್ನು ನೋಡಿ ಏನನ್ನೂ ಹೇಳಲಿಲ್ಲ. ಅನ್ವಯ ಬರೆಯುವುದನ್ನು ಮಾತ್ರ ನಿಲ್ಲಿಸಿದಳು.

ಅಲ್ಲಿಂದ ಮುಂದೆ ತರಗತಿಗೆ ಹೋಗುವುದೆಂದರೆ ನನಗೆ ಬೇಸರವು. ಬಿಸಿಲನ್ನು ದೂರಿದೆನು, ಇಲಾಖೆಯ ಸುತ್ತೋಲೆಗಳನ್ನು ದೂರಿದೆನು, ಕಡೆಗೆ ಈಗಿನ ಮಕ್ಕಳನ್ನೇ ದೂರಿದೆನು. ಮೂಲವು ಎಲ್ಲಿರುವುದೆಂದು ತಿಳಿಯಲು ಎರಡು ವರ್ಷ ಬೇಕಾಯಿತು. ಮೂರನೆಯ ವರ್ಷ, ಸಲ್ಲತಕ್ಕಷ್ಟೇ ಅಂಕಗಳನ್ನು ಕೊಟ್ಟೆನು. ಪೋಷಕರು ಮನೆಯ ಬಾಗಿಲಿಗೆ ಬಂದು ಜಗಳವಾಡಿದರು. ಮೇಲಿನವರು ಬಹುದಿನ ಮಾತು ಬಿಟ್ಟರು. ಆದರೆ ಬೆಳಗಿನ ಜಾವದಲ್ಲಿ ಆ ದಿನದ ಪಾಠವನ್ನು ತೆಗೆದು ನೋಡುವ ನನ್ನ ಹಳೆಯ ಅಭ್ಯಾಸವು ಯಾರ ಉಪದೇಶವೂ ಇಲ್ಲದೆ ಹಿಂದಿರುಗಿತು. ಆ ಹುಡುಗಿಯು ಅಷ್ಟರಲ್ಲಿ ಶಾಲೆಯನ್ನು ಬಿಟ್ಟುಹೋಗಿದ್ದಳು. ಆ ನಷ್ಟವನ್ನು ನಾನು ತುಂಬಲಾರೆನು. ನನ್ನ ಬೇಸರವು ಮೌಲ್ಯದ ಅಭಾವದಿಂದ ಹುಟ್ಟಿದುದಲ್ಲ. ಇದ್ದ ಮೌಲ್ಯವು ನನ್ನ ಕೈಯಿಂದಲೇ ಪೆಟ್ಟು ತಿನ್ನುತ್ತಿದ್ದುದರಿಂದ ಹುಟ್ಟಿದುದು. ಬೇಸರವನ್ನು ರೋಗವೆಂದು ಬಗೆದು ಪಟ್ಟಿಯ ಲೇಪವನ್ನು ಹಚ್ಚುವವರು ಈ ಮಾತನ್ನು ಯೋಚಿಸಬೇಕು. ಹಲವು ವೇಳೆ ಅದು ರೋಗವಲ್ಲ, ಒಳಗಿರುವ ಮೌಲ್ಯವು ಕೂಗುವ ಕೂಗು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ವಾಚಕರಿಗೆ ವಿದಿತವೇ ಆಗಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಕಳುಹಿಸಿದಳು. ಆಕೆಯ ಮನಸ್ಸು ಕಂಡುದು ಆಯ್ದ ಅಕ್ಕಿಯಲ್ಲಿ ಅಲ್ಲ, ಹಿಂದಕ್ಕೆ ಹೋದ ಅಕ್ಕಿಯಲ್ಲಿ. ಆ ಶರಣರ ವಚನಗಳ ಓಲೆಗಳನ್ನು ಊರೂರು ಹುಡುಕಿ ಕೂಡಿಹಾಕಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ವಕೀಲಿಯಲ್ಲಿಯೇ ನಿಂತಿದ್ದರೆ ಧನವೂ ಮಾನವೂ ದೊರೆಯುತ್ತಿದ್ದುವು. ಅವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ತಮ್ಮ ಗಳಿಕೆಯನ್ನು ಅದಕ್ಕೇ ಸುರಿದು 1964ರಲ್ಲಿ ತೀರಿಕೊಳ್ಳುವವರೆಗೆ ಆ ಕಾರ್ಯವನ್ನು ಬಿಡಲಿಲ್ಲ. ಅವರ ಮೌಲ್ಯವನ್ನು ತಿಳಿಯಲು ಅವರ ಜಮಾಖರ್ಚಿನ ಪುಸ್ತಕವೇ ಸಾಕು, ಬೇರೆ ಪಟ್ಟಿ ಬೇಡ.

ಈ ಉಪದೇಶವು ಯಜಮಾನರಿಗೆ ಏಕೆ ಇಷ್ಟು ಪ್ರಿಯವಾಯಿತೆಂಬುದನ್ನೂ ಹೇಳದಿರಲಾಗದು. ಕಾಯಕವನ್ನು ಕುರಿತ ಶರಣರ ಮಾತನ್ನು ಕಛೇರಿಯ ಗೋಡೆಗೆ ಬರೆಯಿಸುವವರಲ್ಲಿ ಕೆಲವರು ದಾಸೋಹದ ಮಾತನ್ನು ಮಾತ್ರ ಬರೆಯಿಸರು. ಕೆಲಸಗಾರನಿಗೆ ಉತ್ಸಾಹವಿಲ್ಲವೆಂದರೆ ಸಂಬಳವನ್ನು ನೋಡಬೇಕು, ಕೆಲಸದ ವೇಳೆಯನ್ನು ನೋಡಬೇಕು, ಮೇಲಧಿಕಾರಿಯ ನಡತೆಯನ್ನು ನೋಡಬೇಕು. ಇವೆಲ್ಲ ಖರ್ಚಿನ ದಾರಿಗಳು. ನಿನ್ನ ಮೌಲ್ಯವನ್ನು ನೀನೇ ಹುಡುಕಿಕೊ ಎನ್ನುವುದಕ್ಕೆ ಒಂದು ಕಾಗದದ ಖರ್ಚು. ಶೈಕ್ಷಣಿಕ ವರ್ಷದ ಮಟ್ಟಿಗೆ ಮಾತ್ರ ಗೌರವಧನದ ಮೇಲೆ ದುಡಿದು, ಬೇಸಗೆಯಲ್ಲಿ ಅದೂ ಇಲ್ಲದೆ ಕುಳಿತುಕೊಳ್ಳುವ ಅತಿಥಿ ಶಿಕ್ಷಕನ ಮುಂದೆ ಈ ಪಟ್ಟಿಯನ್ನು ಹಿಡಿಯುವುದು ಹಸಿದವನಿಗೆ ಊಟದ ಎಲೆಯನ್ನು ಮಾತ್ರ ಹಾಸಿದಂತೆ. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಪಂಡಿತರು 1985ರ ತಮ್ಮ ಗ್ರಂಥದಿಂದ ಮೊದಲುಗೊಂಡು ಹೇಳುತ್ತ ಬಂದಿರುವುದೂ ಇದಕ್ಕೆ ಪೋಷಕವಾಗಿಯೇ ಇದೆ: ತನ್ನ ಇಚ್ಛೆಗೆ ಎಡೆ, ಕೈಗೆ ಕುಶಲತೆ, ಜೊತೆಯವರ ಆದರ, ಇವು ದೊರೆತಲ್ಲಿ ಒಳಗಿನ ಉತ್ಸಾಹವು ಬೆಳೆಯುವುದು. ಇವುಗಳಲ್ಲಿ ಬಹುಭಾಗವು ಯಜಮಾನನ ಕೈಯಲ್ಲಿರುವುದೇ ಹೊರತು ಕೆಲಸಗಾರನ ಕಾಗದದಲ್ಲಲ್ಲ.

ಆದರೆ, ಮನೆಯ ಸಾಲವನ್ನೂ ಮಕ್ಕಳ ಶುಲ್ಕವನ್ನೂ ಹೊತ್ತವನು ಲಕ್ಕಮ್ಮನಂತೆ ಹಿಂದಿರುಗಿಸಬಲ್ಲನೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ನಾನು ಕಾಯಂ ಉದ್ಯೋಗದಲ್ಲಿದ್ದವನು. ಅಂಕ ಕಡಮೆ ಕೊಟ್ಟರೆ ನನ್ನ ಅನ್ನವೇನೂ ಹೋಗುತ್ತಿರಲಿಲ್ಲ. ಎಲ್ಲರೂ ರಾಜೀನಾಮೆ ಕೊಡಿರೆಂದು ಹೇಳುವಷ್ಟು ಅವಿವೇಕವು ನನಗೆ ಬೇಡ. ಆದರೆ ಪಟ್ಟಿಯನ್ನು ಬದಿಗಿಟ್ಟು ಎರಡು ಪ್ರಶ್ನೆಗಳನ್ನು ಯಾರೂ ಕೇಳಿಕೊಳ್ಳಬಹುದು. ಕಳೆದ ವರ್ಷ, ಯಾರೂ ಹೇಳದೆ, ಯಾವುದಕ್ಕಾಗಿ ನಾನು ಹಣವನ್ನೋ ನಿದ್ರೆಯನ್ನೋ ಬಿಟ್ಟೆನು? ಕೆಲಸದಲ್ಲಿ ಮಾಡಿದ ಯಾವುದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟೆನು? ಮೊದಲನೆಯದರ ಉತ್ತರವೇ ಅವನ ಮೌಲ್ಯವು. ಎರಡನೆಯದರ ಉತ್ತರವು ಅವನ ಬೇಸರದ ವಿಳಾಸವು.

ಸೋದರಳಿಯನಿಗೆ ಎರಡನೆಯ ಪ್ರಶ್ನೆಯನ್ನು ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, ಸಾಲ ಕೇಳಲು ಬಂದವರಿಗೆ ಕಡ್ಡಾಯವಲ್ಲದ ವಿಮೆಯನ್ನು ಕಡ್ಡಾಯವೆಂಬಂತೆ ಸೇರಿಸಿ ರುಜು ಹಾಕಿಸಿಕೊಳ್ಳುವುದು ತನ್ನ ಕೆಲಸದ ಒಂದು ಭಾಗವೆಂದು ಹೇಳಿದನು. ಅವನು ಆರಿಸಿದ ಐದು ಪದಗಳಲ್ಲಿ ಮೊದಲನೆಯದು ಪ್ರಾಮಾಣಿಕತೆ. ಅವನು ಉದ್ಯೋಗವನ್ನು ಬಿಡಲಿಲ್ಲ. ಬಿಡುವ ಸ್ಥಿತಿಯೂ ಅವನದಲ್ಲ. ಆದರೆ ಯುಗಾದಿಗೆ ಬಂದಾಗ, ವಿಮೆಯು ನಿಮ್ಮ ಇಷ್ಟವೆಂದು ಪ್ರತಿಯೊಬ್ಬರಿಗೂ ಹೇಳುತ್ತಿರುವೆನೆಂದೂ, ಅದರಿಂದ ತಿಂಗಳ ಲೆಕ್ಕವು ಇಳಿದು ಈ ಸಲದ ಬಡ್ತಿಯು ತಪ್ಪಿತೆಂದೂ ತಿಳಿಸಿದನು. ಸೋಮವಾರದ ಮಾತನ್ನು ನಾನು ಕೇಳಲಿಲ್ಲ, ಅವನೂ ಎತ್ತಲಿಲ್ಲ. ಆ ಕಾಗದವೆಲ್ಲಿ ಎಂದು ಕೇಳಿದೆನು, ಎಲ್ಲಿಟ್ಟನೋ ನೆನಪಿಲ್ಲವೆಂದನು.