ಕಾದಂಬರಿಯೂ ಶ್ರದ್ಧೆಯೂ: ತೀರ್ಪು ಯಾರದು?

ದೇವತೆಗಳನ್ನೂ ಶರಣರನ್ನೂ ಪಾತ್ರಗಳನ್ನಾಗಿ ಮಾಡಿಕೊಂಡು ಕಾದಂಬರಿಕಾರನು ತನ್ನ ಕಲ್ಪನೆಯನ್ನು ಹರಿಯಬಿಟ್ಟಾಗ ಶ್ರದ್ಧಾಳುವಾದ ವಾಚಕನ ಮನಸ್ಸು ಕಲಕುವುದು ಸಹಜವೇ ಆಗಿದೆ. ಕಲಕಬಾರದೆಂದು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹಾಗೆ ನೊಂದ ವಾಚಕನು ಎಲ್ಲಿಗೆ ಹೋಗಿ ತನ್ನ ಮಾತನ್ನು ಹೇಳಬೇಕು? ಈ ಪ್ರಶ್ನೆಗೆ ಕನ್ನಡನಾಡು ಕಳೆದ ಐದು ದಶಕಗಳಲ್ಲಿ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಟ್ಟಿದೆ.

1979ರಲ್ಲಿ ಕೀರ್ತಿಶೇಷ ಎಸ್. ಎಲ್. ಭೈರಪ್ಪನವರು ‘ಪರ್ವ’ವನ್ನು ಪ್ರಕಟಿಸಿದರು. ವರ, ಶಾಪ, ಪವಾಡಗಳನ್ನೆಲ್ಲ ಬದಿಗಿರಿಸಿ, ಪಾಂಡವರ ಜನನವನ್ನು ನಿಯೋಗಪದ್ಧತಿಯಿಂದ ವಿವರಿಸಿದ ಆ ಗ್ರಂಥವನ್ನು ಒಪ್ಪದವರೂ ಇದ್ದರು. ಆದರೂ ಗ್ರಂಥವು ಮುಟ್ಟುಗೋಲಿಗೆ ಒಳಗಾಗಲಿಲ್ಲ. ಮೆಚ್ಚಿದವರೂ ಮೆಚ್ಚದವರೂ ಅದನ್ನು ಓದಿಯೇ ವಾದಿಸಿದರು. ಗ್ರಂಥವೂ ಉಳಿಯಿತು, ವಾದವೂ ಬೆಳೆಯಿತು.

ಡಾ. ಪಿ. ವಿ. ನಾರಾಯಣರ ‘ಧರ್ಮಕಾರಣ’ದ ಗತಿ ಬೇರೆಯಾಯಿತು. ಬಸವಯುಗವನ್ನು ಚಿತ್ರಿಸುವ ಈ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ದೊರೆತಿತ್ತು. ಅಕ್ಕನಾಗಮ್ಮನವರನ್ನೂ ಚೆನ್ನಬಸವಣ್ಣನವರ ಜನನವನ್ನೂ ಕುರಿತ ಭಾಗವು ಅನೇಕರನ್ನು ನೋಯಿಸಿತು. 1997ರಲ್ಲಿ ಸರಕಾರವು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪನವರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೂ 2007ರಲ್ಲಿ ಸರಕಾರದ ಆಜ್ಞೆಯೇ ಸ್ಥಿರವಾಯಿತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಕೈ ಪುರಸ್ಕಾರವನ್ನು ಕೊಟ್ಟು ಇನ್ನೊಂದು ಕೈ ಅದೇ ಗ್ರಂಥವನ್ನು ಕಸಿದುಕೊಂಡುದರ ಫಲವೇನು? ಅಕಾಡೆಮಿಯು ಸರಿಯೋ ಆಕ್ಷೇಪಿಸಿದವರು ಸರಿಯೋ ಎಂಬುದನ್ನು ಗ್ರಂಥವನ್ನು ಓದಿ ನಿರ್ಣಯಿಸುವ ಅವಕಾಶವು ಸಾಮಾನ್ಯ ವಾಚಕನ ಕೈತಪ್ಪಿತು.

ಯೋಗೇಶ್ ಮಾಸ್ಟರರ ‘ಢುಂಢಿ’ಯ ಪ್ರಕರಣವಂತೂ ಇನ್ನೂ ಶೋಚನೀಯ. ಅರಣ್ಯವಾಸಿಯೊಬ್ಬನು ಗಣಪತಿಯಾದ ಕಥೆಯಿದು. ಗಣಪತಿಯ ಅವಹೇಳನವಾಗಿದೆಯೆಂಬ ದೂರಿನ ಮೇಲೆ 2013ರ ಆಗಸ್ಟಿನಲ್ಲಿ ಲೇಖಕರನ್ನು ಬಂಧಿಸಲಾಯಿತು. 2017ರಲ್ಲಿ ದಾವಣಗೆರೆಯಲ್ಲಿ ಅವರ ಮುಖಕ್ಕೆ ಮಸಿ ಬಳಿದರು. ಬರೆಹಕ್ಕೆ ಉತ್ತರ ಕೊಡಬೇಕಾದ ಮಸಿಯು ಬರೆಯುವವನ ಮುಖಕ್ಕೆ ಬಿದ್ದಿತು!

ಅರಣ್ಯವಾಸಿಯೆಂಬುದು ನಿಜವಾಗಿಯೂ ನಿಂದೆಯ ಮಾತೇ? ಜೋಯಿಡಾ ತಾಲೂಕಿನ ಅಣಶಿಯ ಸೀಮೆಯನ್ನು ನೋಡಿರಿ. ದಟ್ಟ ಅಡವಿಯ ನಡುವೆ ಕುಣಬಿಗಳೇ ಮೊದಲಾದವರು ತಲೆತಲಾಂತರದಿಂದ ಬಾಳಿಕೊಂಡು ಬಂದ ನೆಲವದು. ಚೌತಿಯಂದು ಗಣಪತಿಯ ಮೇಲ್ಗಡೆ ಕಾಡಿನ ಹಣ್ಣು, ಕಾಯಿ, ಹೂಗೊಂಚಲುಗಳ ಫಲಾವಳಿಯನ್ನು ಕಟ್ಟುವ ವಾಡಿಕೆಯು ಉತ್ತರ ಕನ್ನಡ ಜಿಲ್ಲೆಯ ಅನೇಕ ಮನೆಗಳಲ್ಲಿದೆ. ಕಾಡಿನಲ್ಲಿಯೇ ಬಾಳುವ ಭಕ್ತನಿಗೆ ಗಣಪತಿಯು ಕಾಡಿನವನೆಂಬ ಮಾತು ನೋವನ್ನು ತಂದೀತು, ಹರ್ಷವನ್ನೂ ತಂದೀತು. ಅದನ್ನು ಅವನೇ ಓದಿ ಹೇಳಬೇಕು. ಅವನ ಹೆಸರಿನಲ್ಲಿ ಮುಂಗಡವಾಗಿ ನೋಯುವ ಮುಖ್ತಿಯಾರಿಯನ್ನು ಪಟ್ಟಣದವರಿಗೆ ಕೊಟ್ಟವರಾರು?

ಅಧಿಕಾರಿವರ್ಗವೂ ಒಂದು ಮಾತನ್ನು ಗಮನಿಸಬೇಕು. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು ಕೇವಲ ನೋವನ್ನು ದಂಡಿಸುವುದಿಲ್ಲ; ಬುದ್ಧಿಪೂರ್ವಕವೂ ದ್ವೇಷಪ್ರೇರಿತವೂ ಆದ ಉದ್ದೇಶವನ್ನು ಕೇಳುತ್ತದೆ. 2024ರ ಜುಲೈಯಿಂದ ಹೊಸ ಸಂಹಿತೆಗಳು ಬಂದವು. ಕಲಮುಗಳ ಸಂಖ್ಯೆ ಬದಲಾಯಿತು, ದಂಡಿಸುವ ಅಧಿಕಾರವೂ ಮುಟ್ಟುಗೋಲಿನ ಅಧಿಕಾರವೂ ಹಾಗೆಯೇ ಉಳಿದವು. ಉದ್ದೇಶವನ್ನು ತಿಳಿಯಬೇಕಾದರೆ ಗ್ರಂಥವನ್ನು ಆದ್ಯಂತವಾಗಿ ಓದಬೇಕು; ದೂರಿನ ಅರ್ಜಿಗೆ ಲಗತ್ತಿಸಿದ ನಾಲ್ಕು ಸಾಲುಗಳಿಂದ ಅದು ತಿಳಿಯದು.

ಲೇಖಕರೂ ಹೊಣೆಯಿಂದ ಮುಕ್ತರಲ್ಲ. ‘ಇದು ಕಲ್ಪನೆ’ ಎಂದುಬಿಟ್ಟರೆ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗುವುದಿಲ್ಲ. ಕೋಟ್ಯವಧಿ ಜನರು ಪೂಜಿಸುವ ಹೆಸರನ್ನು ಎತ್ತಿಕೊಂಡವನು ಅವರ ಆಕ್ಷೇಪಕ್ಕೆ ಸೌಜನ್ಯದಿಂದ, ಆಧಾರಸಹಿತವಾಗಿ ಸಮಾಧಾನ ಹೇಳಲು ಸಿದ್ಧನಿರಬೇಕು. ಓದುಗನ ಶ್ರದ್ಧೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿಚಾರವಾದವಲ್ಲ, ಉದ್ಧಟತನ.

ಆಕ್ಷೇಪವಿರುವವರು ಖಂಡನೆಯನ್ನು ಬರೆಯಲಿ, ಸಭೆಯಲ್ಲಿ ವಾದಿಸಲಿ, ಬೇಡವೆಂದರೆ ಪುಸ್ತಕವನ್ನು ಕೊಳ್ಳದಿರಲಿ. ಶಾಸ್ತ್ರಾರ್ಥ ನಡೆಸಿ ಮತಗಳನ್ನು ಬೆಳೆಸಿದ ದೇಶ ನಮ್ಮದು. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳಿದ ಮೇಲೆಯೇ ಸಿದ್ಧಾಂತವನ್ನು ಹೇಳಬೇಕೆಂಬ ನಮ್ಮ ಹಿರಿಯರ ನಿಯಮವು ಕಾದಂಬರಿಗೂ ಸಲ್ಲುತ್ತದೆ. ಅದನ್ನು ಪಾಲಿಸುವ ಧೈರ್ಯವು ಕನ್ನಡಿಗರಿಗೆ ಇರಲಿ.