ಆಗಿಬರದ ಆಹಾರ: ಬಗೆ ಎರಡು

‘ನನಗೆ ಹಾಲು ಆಗಿಬರುವುದಿಲ್ಲ’, ‘ನಮ್ಮ ಹುಡುಗನಿಗೆ ಶೇಂಗಾ ಆಗಿಬರುವುದಿಲ್ಲ’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಹೊಸವೇನೂ ಅಲ್ಲ. ಇಂಥ ಮಾತು ಕಿವಿಗೆ ಬಿದ್ದಾಗ ಹಿರಿಯರು ಸಾಮಾನ್ಯವಾಗಿ ಕೊಡುವ ಸಲಹೆಯೂ ಒಂದೇ: ‘ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಂಡರೆ ಎಲ್ಲವೂ ಒಗ್ಗುತ್ತದೆ.’ ಈ ಸಲಹೆ ಕೆಲವರ ಪಾಲಿಗೆ ಹಿತಕರ. ಮತ್ತೆ ಕೆಲವರ ಪಾಲಿಗೆ ಪ್ರಾಣಾಪಾಯಕರ. ‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿರುವುದೇ ಇದಕ್ಕೆ ಕಾರಣ. ಈ ತಿಂಗಳು ಅವೆರಡನ್ನು ಬಿಡಿಸಿ ನೋಡೋಣ.

ಮೊದಲು ಹಾಲನ್ನೇ ತೆಗೆದುಕೊಳ್ಳೋಣ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆದು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಗೂಸಿನ ಕರುಳಿನಲ್ಲಿ ಇದು ಧಾರಾಳವಾಗಿರುತ್ತದೆ. ತಾಯಿಯ ಹಾಲೇ ಅದರ ಆಹಾರವಷ್ಟೆ. ಬೆಳೆಯುತ್ತ ಹೋದಂತೆ ಜಗತ್ತಿನ ಬಹುಪಾಲು ಜನರಲ್ಲಿ ಈ ಕಿಣ್ವ ತಗ್ಗುತ್ತದೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೀಗಾಗುವುದು ಹೆಚ್ಚು. ಅರಗದೆ ಉಳಿದ ಸಕ್ಕರೆ ದೊಡ್ಡ ಕರುಳಿಗಿಳಿದು ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುಳಿಯುತ್ತದೆ. ಆಗ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡು ಎನ್ನುತ್ತದೆ, ನುಲಿಯುತ್ತದೆ, ಕೆಲವೊಮ್ಮೆ ಭೇದಿಯೂ ಆಗುತ್ತದೆ. ಇದನ್ನು ರೋಗವೆನ್ನುವುದಕ್ಕಿಂತ ಶರೀರದ ಸ್ವಭಾವವೆನ್ನುವುದು ಲೇಸು. ವೈದ್ಯಗ್ರಂಥಗಳು ಇದನ್ನು ‘ಆಹಾರ ಅಸಹಿಷ್ಣುತೆ’ ಎನ್ನುತ್ತವೆ. ನಾವು ‘ಒಗ್ಗದಿರುವಿಕೆ’ ಎನ್ನೋಣ.

ಒಗ್ಗದಿರುವಿಕೆಯಲ್ಲಿ ಎಲ್ಲವೂ ಪ್ರಮಾಣದ ಮೇಲೆ ನಿಂತಿದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಬರಿ ಹೊಟ್ಟೆಯಲ್ಲಿ ಅಷ್ಟನ್ನೂ ಒಮ್ಮೆಲೇ ಕುಡಿದು ಸಂಕಟಪಡುವವರು ಊಟದೊಡನೆ ಅರ್ಧ ಲೋಟ ಕುಡಿದರೆ ಏನೂ ಆಗದಿರಬಹುದು. ಹೆಪ್ಪಿನ ಸೂಕ್ಷ್ಮಜೀವಿಗಳು ಈ ಸಕ್ಕರೆಯ ಒಂದಂಶವನ್ನು ತಾವೇ ಅರಗಿಸಿಕೊಂಡಿರುತ್ತವೆಯಾದ್ದರಿಂದ ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಸುಖವಾಗಿ ಒಗ್ಗುತ್ತವೆ. ಅಜ್ಜಿಯ ಸಲಹೆ ಇಲ್ಲಿ ಸರಿಯೇ. ಹಾಲು ಒಗ್ಗದೆಂದು ಮಕ್ಕಳಿಗೆ ಮೊಸರನ್ನೂ ಬಿಡಿಸಿ ಅವರ ಎಲುಬಿಗೆ ಬೇಕಾದ ಸುಣ್ಣಾಂಶವನ್ನು ತಪ್ಪಿಸುವುದು ಮಾತ್ರ ಸರಿಯಲ್ಲ. ವಾಂತಿಭೇದಿಯಿಂದ ಎದ್ದ ಮಗುವಿಗೆ ಕೆಲದಿನ ಹಾಲು ಅರಗದಿರುವುದುಂಟು. ಕರುಳು ಚೇತರಿಸಿಕೊಂಡ ಮೇಲೆ ಅದು ತಾನಾಗಿ ಸರಿಹೋಗುತ್ತದೆ.

ಅಲರ್ಜಿಯ ಜಾತಿಯೇ ಬೇರೆ. ಈ ಶಬ್ದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅದರ ಗುಟ್ಟು ಎಲ್ಲಿದೆಯೆಂಬುದನ್ನು 1921ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಪ್ರೌಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವಿಜ್ಞಾನಿಗಳು. ಕ್ಯೂಸ್ಟ್ನರ್‌ಗೆ ಮೀನು ಆಗಿಬರುತ್ತಿರಲಿಲ್ಲ. ಪ್ರೌಸ್ನಿಟ್ಸ್ ತನ್ನ ಮಿತ್ರನ ರಕ್ತದ ತಿಳಿಯನ್ನು ತನ್ನ ಚರ್ಮದೊಳಗೇ ಚುಚ್ಚಿಸಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡನು. ತನಗೆ ಮೀನಿನಿಂದ ಯಾವ ತೊಂದರೆಯೂ ಇಲ್ಲದಿದ್ದರೂ ಆ ಜಾಗ ಬಾತು ಕೆಂಪೇರಿತು. ಹಾಗಾದರೆ ದೋಷವಿದ್ದದ್ದು ಹೊಟ್ಟೆಯಲ್ಲಲ್ಲ, ರಕ್ತದಲ್ಲಿ ಎಂದಾಯಿತು. ಆ ವಸ್ತುವಿಗೆ ‘ಐಜಿಇ’ ಎಂಬ ಹೆಸರು ದೊರೆತದ್ದು 1960ರ ದಶಕದಲ್ಲಿ.

ರೋಗಾಣುಗಳೊಡನೆ ಹೋರಾಡಬೇಕಾದ ಶರೀರದ ರಕ್ಷಣಾ ವ್ಯವಸ್ಥೆಯು ನಿರುಪದ್ರವಿಯಾದ ಆಹಾರದ ಪ್ರೋಟೀನನ್ನೇ ಶತ್ರುವೆಂದು ಭ್ರಮಿಸಿ ಮೇಲೆರಗುವುದೇ ಅಲರ್ಜಿ. ಹಾಲಿನ ಅಲರ್ಜಿಯಲ್ಲಿ ತಕರಾರು ಸಕ್ಕರೆಯದಲ್ಲ, ಪ್ರೋಟೀನಿನದು. ಆದ್ದರಿಂದ ಇಲ್ಲಿ ಮೊಸರು, ಖೋವಾ, ಪನೀರು ಯಾವುದೂ ಪರಿಹಾರವಲ್ಲ. ಆಡಿನ ಹಾಲಿನ ಪ್ರೋಟೀನೂ ಹಸುವಿನದನ್ನೇ ಬಹಳಷ್ಟು ಹೋಲುತ್ತದೆ. ಪ್ರಮಾಣದ ಲೆಕ್ಕವೂ ಇಲ್ಲಿ ನಡೆಯದು. ಪಾಯಸದಲ್ಲಿ ಅದ್ದಿದ ಸೌಟು ಸಾರಿನ ಪಾತ್ರೆಗೆ ತಾಗಿದರೂ ಕೆಲವರಿಗೆ ಸಾಕು. ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಏಳುತ್ತದೆ, ತುಟಿ ಕಣ್ಣು ಬಾಯುತ್ತವೆ, ವಾಂತಿಯಾಗುತ್ತದೆ. ಎಳೆಗೂಸುಗಳಲ್ಲಿ ಮಾತ್ರ ಹಾಲಿನ ಅಲರ್ಜಿ ತಡವಾಗಿ, ಮಲದಲ್ಲಿ ರಕ್ತವಾಗಿಯೂ ಕಾಣಿಸಿಕೊಳ್ಳಬಹುದು. ಅದು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಗಂಟಲು ಬಿಗಿಯುವುದು, ಧ್ವನಿ ಒಡೆಯುವುದು, ಉಬ್ಬಸ, ತಲೆಸುತ್ತಿ ಕುಸಿಯುವುದು, ಇವುಗಳಲ್ಲಿ ಒಂದು ತೋರಿದರೂ ಅದು ಜೀವದ ಪ್ರಶ್ನೆ. ತುರಿಕೆಯ ಗುಳಿಗೆ ನುಂಗಿಸಿ ಕಾಯುತ್ತ ಕೂಡುವ ಹೊತ್ತಲ್ಲ ಅದು. ಅದಕ್ಕೆ ಮದ್ದು ಒಂದೇ, ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಕೊಂಡೊಯ್ದು, ‘ಇಂಥದ್ದನ್ನು ತಿಂದ ಮೇಲೆ ಹೀಗಾಯಿತು’ ಎಂದು ಮೊದಲು ಹೇಳಬೇಕು. ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರಕ್ಕಿಡಬೇಕು. ಉಸಿರಾಟ ಕಷ್ಟವಾಗಿದ್ದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬಾರದು. ಹೋದ ಸಲ ಬರೀ ಗಂಧೆ ಎದ್ದಿತ್ತೆಂದು ಈ ಸಲವೂ ಅಷ್ಟೇ ಎಂದು ನಂಬುವಂತಿಲ್ಲ. ಆಸ್ತಮಾ ಇರುವವರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು.

ಮಠದ ದಾಸೋಹವಿರಲಿ, ಮದುವೆಯ ಪಂಕ್ತಿಯಿರಲಿ, ಬಡಿಸಿದ್ದನ್ನು ಎಲೆಯಲ್ಲಿ ಬಿಡಬಾರದೆಂಬ ಸಂಸ್ಕಾರ ನಮ್ಮದು. ಅದು ಒಳ್ಳೆಯದೇ. ಆದರೆ ಬಡಿಸುವ ಮೊದಲೇ ಕೈ ಅಡ್ಡ ಹಿಡಿದವರಿಗೆ ‘ಒಂದು ತುತ್ತಿಗೆ ಏನಾಗುತ್ತದೆ, ತಗೊಳ್ಳಿ’ ಎಂದು ಒತ್ತಾಯ ಮಾಡುವುದು ಉಪಚಾರವಲ್ಲ. ಇನ್ನೊಂದು ಸೂಕ್ಷ್ಮವಿದೆ. ಉತ್ತರ ಕರ್ನಾಟಕದಲ್ಲಿ ಶೇಂಗಾ ಎನ್ನುವುದನ್ನು ಹಳೆಯ ಮೈಸೂರಿನ ಕಡೆ ಕಡಲೆಕಾಯಿ ಬೀಜ ಎನ್ನುತ್ತಾರೆ. ಬರಿಯ ‘ಕಡಲೆ’ ಎಂದರೆ ಬೇರೆಯೇ ಕಾಳು. ‘ಕಡಲೆ ಹಾಕಿದ್ದೀರಾ?’ ಎಂದು ಅತಿಥಿ ಕೇಳಿದರೆ ಬಡಿಸುವವನು ಬೇರೇನನ್ನೋ ತಿಳಿದು ‘ಇಲ್ಲ’ ಎನ್ನಬಹುದು. ಚಟ್ನಿಪುಡಿ, ಹೋಳಿಗೆ, ಎಣ್ಣೆಗಾಯಿ ಇವುಗಳಲ್ಲಿ ಶೇಂಗಾ ಪುಡಿಯಾಗಿ ಕಣ್ಣಿಗೆ ಕಾಣದಂತೆ ಸೇರಿರುತ್ತದೆಂಬುದು ಅಡುಗೆ ಬಲ್ಲ ನಮ್ಮ ಸಹೋದರಿಯರಿಗೆ ಗೊತ್ತೇ ಇದೆ. ಎರಡೂ ಹೆಸರು ಹೇಳಿ ಕೇಳುವುದು ಕ್ಷೇಮ.

ಪರೀಕ್ಷೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು ನೂರಕ್ಕೆ 26 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಎದುರಾದ ಐಜಿಇ ಕಂಡುಬಂದಿತು. ಆದರೆ ಅಲರ್ಜಿ ಇರಬಹುದೆನ್ನುವಂಥ ಲಕ್ಷಣಗಳಿದ್ದವರು ನೂರಕ್ಕೆ ಒಬ್ಬರ ಆಸುಪಾಸು ಮಾತ್ರ. ಎಂದಮೇಲೆ ರಕ್ತಪರೀಕ್ಷೆಯ ಚೀಟಿಯೊಂದನ್ನೇ ಹಿಡಿದು ಹತ್ತಾರು ಆಹಾರ ಬಿಟ್ಟು ಸೊರಗುವುದು ವ್ಯರ್ಥ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಬರೆದಿಟ್ಟ ಒಂದು ಪುಟ ವೈದ್ಯರಿಗೆ ಅದಕ್ಕಿಂತ ಹೆಚ್ಚು ಉಪಯುಕ್ತ. ‘ಐಜಿಜಿ’ ಎಂಬ ಹೆಸರಿನಲ್ಲಿ ನೂರಾರು ಆಹಾರಗಳ ಪಟ್ಟಿ ಕೊಡುವ ದುಬಾರಿ ಪರೀಕ್ಷೆಗಳನ್ನು ಅಲರ್ಜಿ ತಜ್ಞರ ಸಂಘಗಳು ಒಪ್ಪುವುದಿಲ್ಲ. ನಮ್ಮ ಓದುಗರು ಅವಕ್ಕೆ ಹಣ ಸುರಿಯದಿರಲಿ. ಸಂದೇಹ ತೀರಿಸಿಕೊಳ್ಳಲು ಆ ಪದಾರ್ಥವನ್ನು ಮನೆಯಲ್ಲಿ ತಿನ್ನಿಸಿ ನೋಡುವ ಸಾಹಸವೂ ಬೇಡ. ಅದು ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲಿಯೇ ನಡೆಯಬೇಕಾದ ಪರೀಕ್ಷೆ.

ಅಂಗಡಿಯ ಪೊಟ್ಟಣಗಳ ಬಗ್ಗೆ ಒಂದು ಮಾತು. 2020ರ ಕೇಂದ್ರ ನಿಯಮಗಳ ಪ್ರಕಾರ ಹಾಲು, ಶೇಂಗಾ, ಗೋಡಂಬಿಯಂಥ ಬೀಜಗಳು, ಸೋಯಾ, ಗೋಧಿ ಮೊದಲಾದವು ಸೇರಿದ್ದರೆ ಪೊಟ್ಟಣದ ಮೇಲೆ ಅದನ್ನು ಪ್ರತ್ಯೇಕವಾಗಿ ಸೂಚಿಸಬೇಕು. ನಮ್ಮಲ್ಲಿ ಬಜ್ಜಿಯಿಂದ ಲಾಡುವಿನವರೆಗೆ ಎಲ್ಲೆಡೆ ಇರುವ, ಕೆಲವರಿಗೆ ತೀವ್ರ ಅಲರ್ಜಿ ತರುವ ಕಡಲೆಹಿಟ್ಟು ಮಾತ್ರ ಆ ಪಟ್ಟಿಯಲ್ಲಿಲ್ಲ. ಅದು ಆಗಿಬರದವರು ಎಚ್ಚರಿಕೆಯ ಸಾಲನ್ನಷ್ಟೇ ನಂಬದೆ, ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಕೊನೆಯವರೆಗೂ ಓದಬೇಕು.