ಶಿಶುವಿಹಾರಕ್ಕೆ ಎಷ್ಟು ದೂರ?

ಮೇ ತಿಂಗಳು ಮುಗಿಯುತ್ತ ಬಂದಂತೆ ದುಡಿಯುವ ಜನರ ಮನೆಗಳಲ್ಲಿ ಪ್ರತಿ ವರ್ಷವೂ ಒಂದು ಚರ್ಚೆ ಏಳುತ್ತದೆ. ಮೂರು ವರ್ಷ ತುಂಬಿದ ಮಗುವನ್ನು ಎಲ್ಲಿಗೆ ಸೇರಿಸುವುದು? ಬೀದಿಯ ಕೊನೆಯಲ್ಲಿರುವ ಅಂಗನವಾಡಿಗೋ, ಪೇಟೆಯ ಇಂಗ್ಲಿಷ್ ನರ್ಸರಿಗೋ? ಶುಲ್ಕ ಎಷ್ಟು, ಕಂತಿನಲ್ಲಿ ಕಟ್ಟಬಹುದೆ, ಸಮವಸ್ತ್ರ ಯಾವುದು, ಇಂಗ್ಲಿಷ್ ಪದ್ಯ ಹೇಳಿಸುತ್ತಾರೆಯೆ ಎಂದು ತಂದೆತಾಯಿಗಳು ನೂರು ಕಡೆ ವಿಚಾರಿಸುತ್ತಾರೆ. ಆದರೆ ಒಂದು ಮಾತನ್ನು ಮಾತ್ರ ಬಹಳ ಮಂದಿ ಕೇಳುವುದಿಲ್ಲ. ಅಲ್ಲಿಗೆ ದಿನವೂ ನಡೆಯುವವರು ಯಾರು? ಎಷ್ಟು ದೂರ? ಯಾವ ಹೊತ್ತಿನಲ್ಲಿ?

ಇದು ಹೆಂಗಸರ ಮನೆವಾರ್ತೆಯ ಸಂಗತಿ, ಸಂಪಾದಕೀಯಕ್ಕೆ ತಕ್ಕ ವಿಷಯವಲ್ಲ ಎಂದು ಕೆಲವರು ಭಾವಿಸಬಹುದು. ಕಾರ್ಖಾನೆಯಲ್ಲಿ ಕಾಲು ಗಂಟೆ ಹೆಚ್ಚು ದುಡಿಸಿಕೊಂಡರೆ ನಾವು ಲೆಕ್ಕ ಕೇಳುತ್ತೇವೆ. ಮನೆಯಿಂದ ಶಿಶುವಿಹಾರದವರೆಗಿನ ದಾರಿಯಲ್ಲಿ ಕಳೆಯುವ ಗಂಟೆಗಳಿಗೆ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದ ದುಡಿಮೆ ಯಾವಾಗಲೂ ಬಡವರ ಹೆಗಲ ಮೇಲೆ, ಅದರಲ್ಲೂ ಹೆಣ್ಣಿನ ಹೆಗಲ ಮೇಲೆ ಬೀಳುತ್ತದೆ. ಆದುದರಿಂದ ಇಂದು ಆ ಲೆಕ್ಕವನ್ನು ಮಾಡಿ ನೋಡೋಣ.

ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರು ಇದೆಯೆನ್ನಿ. ಕೇಳಲು ಹೆಚ್ಚೇನೂ ಅಲ್ಲ. ಮಗುವನ್ನು ಬಿಡಲು ಹೋಗಿ ಬರುವುದು ಮೂರು ಕಿಲೋಮೀಟರು, ಕರೆತರಲು ಹೋಗಿ ಬರುವುದು ಮತ್ತೆ ಮೂರು. ದಿನಕ್ಕೆ ಆರು. ತಿಂಗಳಿಗೆ 25 ದಿನ ಹಿಡಿದರೆ 150 ಕಿಲೋಮೀಟರು. ಮೈಸೂರಿನಿಂದ ಬೆಂಗಳೂರಿಗಿರುವ ಹಾದಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ತಾಯಿ ಒಬ್ಬಳೇ ನಡೆಯುವ ಮೂರು ಕಿಲೋಮೀಟರಿಗೆ ಸುಮಾರು ನಲವತ್ತು ನಿಮಿಷ ಸಾಕು. ಮಗುವಿನ ಕೈ ಹಿಡಿದು ನಡೆಯುವ ಮೂರು ಕಿಲೋಮೀಟರಿಗೆ ಗಂಟೆಯ ಮೇಲೆ ಕಾಲು ಗಂಟೆಯಾದರೂ ಬೇಕು. ಒಟ್ಟು ದಿನಕ್ಕೆ ಎರಡು ಗಂಟೆಗೆ ಸಮೀಪ, ಅಂದರೆ ಎಂಟು ಗಂಟೆಯ ಒಂದು ಪಾಳಿಯ ಕಾಲು ಭಾಗ. ಕಂಕುಳಲ್ಲಿ ಇನ್ನೊಂದು ಕೂಸಿದ್ದರೆ, ಮಳೆ ಹಿಡಿದಿದ್ದರೆ, ಈ ಲೆಕ್ಕ ಮತ್ತೂ ಬೆಳೆಯುತ್ತದೆ.

ಸಣ್ಣ ವ್ಯಾಪಾರಿಯ ಮನೆಯಲ್ಲೂ ಇದೇ ಕತೆ. ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಗಿರಾಕಿ ಬರುವ ಹೊತ್ತು. ಆಗ ಗಂಡ ಮಾಲು ತರಲು ಹೋಗಿ, ಹೆಂಡತಿ ಮಗುವನ್ನು ಬಿಡಲು ಹೋದರೆ ಅಂಗಡಿಯ ಬಾಗಿಲು ಅರ್ಧ ಮುಚ್ಚಬೇಕು. ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮಳವಳ್ಳಿ, ಮದ್ದೂರು ಕಡೆಯ ರೇಷ್ಮೆ ಮನೆಗಳಲ್ಲಿ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಲೇಬೇಕು. ತಾಯಿ ದಾರಿಯಲ್ಲಿದ್ದಾಳೆಂದು ಹುಳು ಕಾಯುವುದಿಲ್ಲ. ಈ ನಷ್ಟಗಳಾವುವೂ ಶಾಲೆಯ ರಸೀತಿಯಲ್ಲಿ ಕಾಣುವುದಿಲ್ಲ. ಆದರೂ ಅವು ಶುಲ್ಕವೇ.

ದೂರವನ್ನು ಸರ್ಕಾರ ಎಂದೂ ಎಣಿಸಿಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರು ನಡಿಗೆಯೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ಹೇಳಿದವು. ಆದರೆ ಈ ಹಕ್ಕು ಆರು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಮಾತ್ರ. ಮೂರರಿಂದ ಆರು ವರ್ಷದ ಮಕ್ಕಳ ಮಾತು ಬಂದಾಗ ಅದೇ ಕಾಯಿದೆಯ 11ನೆಯ ಕಲಮು ಸರ್ಕಾರ ಏರ್ಪಾಡು ಮಾಡಬಹುದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿಯೂ ಆರು ವರ್ಷದೊಳಗಿನ ಮಕ್ಕಳ ಪಾಲನೆ, ಶಿಕ್ಷಣಗಳನ್ನು ರಾಜ್ಯದ ಪ್ರಯತ್ನಕ್ಕೆ ಬಿಟ್ಟಿತು, ಮಗುವಿನ ಹಕ್ಕಾಗಿ ಮಾಡಲಿಲ್ಲ. ದೊಡ್ಡ ಕಾಲುಗಳ ನಡಿಗೆಗೆ ಮಿತಿ ಹಾಕಿದ ಕಾನೂನು ಸಣ್ಣ ಕಾಲುಗಳ ನಡಿಗೆಯನ್ನು ಅಳೆಯಲೇ ಇಲ್ಲ. ಇದಕ್ಕಿಂತ ವಿಚಿತ್ರ ಬೇರೆ ಬೇಕೆ?

ಹಿಂದಿನವರಿಗೆ ಈ ವಿಷಯ ತಿಳಿದಿತ್ತು. ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಅವರೂ ಅನುತಾಯಿ ವಾಘ್ ಅವರೂ ಹಳ್ಳಿಯ ಮಕ್ಕಳಿಗಾಗಿ ಶಿಶುಶಾಲೆ ಆರಂಭಿಸಿದರು. ಬಡವರ ಕೇರಿಗಳ ಮಕ್ಕಳು ಶಾಲೆಯ ಕಟ್ಟಡಕ್ಕೆ ಬರಲಿಲ್ಲ. ಅದಕ್ಕೆ ಅವರು ತಾಯಂದಿರನ್ನು ಬೈಯುತ್ತ ಕೂಡಲಿಲ್ಲ. ಶಾಲೆಯನ್ನೇ ಕೇರಿಯ ಅಂಗಳಕ್ಕೆ ಕೊಂಡೊಯ್ದರು. ಮಗು ಶಾಲೆಗೆ ಬರಲಾರದಾದರೆ ಶಾಲೆ ಮಗುವಿನ ಬಳಿಗೆ ಹೋಗಬೇಕೆಂಬುದೇ ಅವರ ತತ್ವವಾಗಿತ್ತು. ಭಾರತ ಸರ್ಕಾರ 1975ರ ಅಕ್ಟೋಬರ್ 2ರಂದು 33 ಕಡೆ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ನಮ್ಮ ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರವನ್ನು. ಅಂಗನವಾಡಿ ಬೀದಿಬೀದಿಗೂ ಇರಬೇಕಾದ್ದು ಅದರ ಹುಟ್ಟುಗುಣ. ನಡೆದು ದಣಿಯುವಷ್ಟು ದೂರವಾದರೆ ಅದು ಹೆಸರಿಗೆ ಮಾತ್ರ ಅಂಗನವಾಡಿ.

ಗಿರಣಿ ಕಾರ್ಮಿಕರು ಇನ್ನೊಂದು ಉದಾಹರಣೆಯನ್ನೂ ನೆನಪಿಡಬೇಕು. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನಲ್ಲಿ ರಾಬರ್ಟ್ ಓವನ್ ಹತ್ತಿ ಗಿರಣಿ ನಡೆಸುತ್ತಿದ್ದ. 1816ರಲ್ಲಿ ಅವನು ಗಿರಣಿಯ ಊರಿನಲ್ಲೇ, ಕೆಲಸಗಾರರ ವಸತಿಯ ಪಕ್ಕದಲ್ಲೇ ಶಿಶುಶಾಲೆ ತೆರೆದ. ನಡೆಯಲು ಕಲಿತ ಮಗು ಅಲ್ಲಿ ಆಡುತ್ತ ಹಾಡುತ್ತ ಕಲಿಯುತ್ತಿತ್ತು, ತಾಯಿ ಕರೆದರೆ ಕೇಳುವಷ್ಟು ಹತ್ತಿರದಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಓವನ್ ಕೂಡ ಒಬ್ಬ ಮಾಲೀಕ. ಇನ್ನೂರು ವರ್ಷದ ಹಿಂದೆ ಒಬ್ಬ ಮಾಲೀಕನಿಗೆ ಸಾಧ್ಯವಾದದ್ದು ಇಂದಿನ ಮಾಲೀಕರಿಗೆ ಅಸಾಧ್ಯವೆಂದರೆ ನಂಬುವುದು ಹೇಗೆ?

ನಮ್ಮ ಜಿಲ್ಲೆಯ ದಾರಿಗಳನ್ನು ನೋಡೋಣ. ದೂರವೆಂಬುದು ನಕ್ಷೆಯ ಮೇಲಿನ ಗೆರೆಯಲ್ಲ. ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಮೋಟಾರು ಕಾರಿನವರಿಗೆ ರಾಜಧಾನಿ ಹತ್ತಿರವಾಯಿತು. ಆದರೆ ಮದ್ದೂರು, ಗೆಜ್ಜಲಗೆರೆ, ಮಂಡ್ಯಗಳ ಮಗ್ಗುಲಲ್ಲಿ ಕಾಲ್ನಡೆಯವರಿಗೆ ರಸ್ತೆಯ ಆಚೆಬದಿ ದೂರವಾಯಿತು. ಎದುರಿಗೆ ಕಾಣುವ ಜಾಗಕ್ಕೆ ಕೆಳಸೇತುವೆ ಹುಡುಕಿಕೊಂಡು ಸುತ್ತಿ ಹೋಗಬೇಕು. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೂ ಮುಖ್ಯ ಪಥದಲ್ಲಿ ಪ್ರವೇಶ ನಿಂತುಹೋಯಿತು. ಅತ್ತ ಕಬ್ಬು ಅರೆಯುವ ಹಂಗಾಮಿನಲ್ಲಿ ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳ ಸಾಲು. ನಾಲೆಯ ಏರಿಗಳಂತೂ ಎಷ್ಟೋ ಕಡೆ ತಡೆಗೋಡೆಯಿಲ್ಲದೆ ಬಿದ್ದಿವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕು ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಸೇರಿ 30 ಜನ ಸತ್ತದ್ದನ್ನು ಈ ಜಿಲ್ಲೆ ಮರೆಯುವಂತಿಲ್ಲ. ಮಗುವಿನ ದಾರಿಯನ್ನು ಅಳೆಯುವಾಗ ಉದ್ದದ ಜೊತೆಗೆ ಅಪಾಯವನ್ನೂ ಅಳೆಯಬೇಕು.

ಬಸ್ಸಿದೆಯಲ್ಲ ಎನ್ನಬಹುದು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಒಳ್ಳೆಯ ಕೆಲಸ, ಸಂತೋಷ. ಆದರೆ ಬಸ್ಸು ದೊಡ್ಡ ರಸ್ತೆಯಲ್ಲಿ ಓಡುತ್ತದೆ, ಕೇರಿಯೊಳಕ್ಕೆ ಬರುವುದಿಲ್ಲ. ನಿಲ್ದಾಣದವರೆಗಿನ ನಡಿಗೆ, ಕಾಯುವ ಹೊತ್ತು, ತುಂಬಿದ ಬಸ್ಸಿನಲ್ಲಿ ಮಗುವನ್ನೆತ್ತಿಕೊಂಡು ನಿಲ್ಲುವ ಪಾಡು, ಇವೆಲ್ಲ ಉಳಿದೇ ಇವೆ. ಉಚಿತ ಬಸ್ಸು ದೂರವನ್ನು ಅಗ್ಗ ಮಾಡಿದೆ, ಹತ್ತಿರ ಮಾಡಿಲ್ಲ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರುತ್ತವೆ, ಎರಡರಲ್ಲೂ ಹುರುಳಿದೆ. ಮೊದಲನೆಯದು, ನಡೆದರೆ ಮಗು ಗಟ್ಟಿಯಾಗುತ್ತದೆ ಎಂಬುದು. ನಿಜ. ದಾರಿಯಲ್ಲಿ ಎತ್ತು, ಎಮ್ಮೆ, ಗೂಡಂಗಡಿ ನೋಡುತ್ತ, ಅಪ್ಪನನ್ನೋ ಅಮ್ಮನನ್ನೋ ಪ್ರಶ್ನೆ ಕೇಳುತ್ತ ಹೋಗುವ ಹತ್ತು ನಿಮಿಷದ ನಡಿಗೆಯೂ ಒಂದು ಪಾಠವೇ. ಆದರೆ ನಡಿಗೆ ಅರ್ಧ ಗಂಟೆ ದಾಟಿದರೆ ಪ್ರಶ್ನೆ ನಿಲ್ಲುತ್ತದೆ, ಅಳು ಆರಂಭವಾಗುತ್ತದೆ. ದಣಿದು ಬಂದ ಮಗು ಮೊದಲ ಪಾಠದಲ್ಲೇ ತೂಕಡಿಸುವುದನ್ನು ಪಾಠ ಹೇಳಿದವರೆಲ್ಲ ಕಂಡಿದ್ದಾರೆ. ತಾಯಿಗೆ ಕೆಲಸದ ಅವಸರವಿದ್ದರೆ ಆ ದಾರಿಯಲ್ಲಿ ಮಾತಿಗಿಂತ ಗದರಿಕೆಯೇ ಹೆಚ್ಚು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪಣೆ. ಹತ್ತಿರದ್ದು ಕೆಟ್ಟದಾಗಿ, ದೂರದ್ದು ಒಳ್ಳೆಯದಾಗಿದ್ದರೆ ಏನು ಮಾಡುವುದು? ಬಡವನ ಮಗು ಹತ್ತಿರವೆಂಬ ಒಂದೇ ಕಾರಣಕ್ಕೆ ಸೋರುವ ಕೊಠಡಿಯಲ್ಲಿ ಕೂರಬೇಕೆ? ಖಂಡಿತ ಕೂಡದು. ಮಗು ಬೀಳುವ, ನೀರಿಲ್ಲದ, ಹೊಡೆಯುವ, ಬಾಗಿಲು ತೆರೆಯದ ಜಾಗಕ್ಕೆ ಹತ್ತಿರವೆಂದು ಯಾರೂ ಕಳಿಸಬಾರದು. ಆದರೆ ದೂರದ್ದು ಒಳ್ಳೆಯದು ಎನ್ನುವಾಗ ಯಾವುದರಿಂದ ಒಳ್ಳೆಯದು ಎಂದು ಕೇಳಬೇಕು. ಬಣ್ಣದ ಗೋಡೆ, ಟೈ, ಬೂಟುಗಳಿಂದ ಮೂರು ವರ್ಷದ ಮಗುವಿಗೆ ಏನೂ ಆಗಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಆಟ, ಹಾಡು, ಕತೆ, ಬಿಸಿ ಊಟ, ನಿದ್ರೆ, ಮುದ್ದಿಸಿ ಮಾತಾಡಿಸುವ ಒಬ್ಬ ದೊಡ್ಡವರು. ಇವು ಬೀದಿಯ ಅಂಗನವಾಡಿಯಲ್ಲಿ ಇದ್ದರೆ ಪೇಟೆಯ ನರ್ಸರಿಗಾಗಿ ದಿನಕ್ಕೆ ಎರಡು ಗಂಟೆ ತೆರುವುದು ಜಾಣತನವಲ್ಲ. ಎಂಟು ಮಕ್ಕಳು ಕೂರುವ ಕಡೆ ಹದಿನೈದು ಮಕ್ಕಳನ್ನು ತುಂಬಿದ ವ್ಯಾನೂ ಇದಕ್ಕೆ ಉತ್ತರವಲ್ಲ.

ಆದುದರಿಂದ ಸೇರಿಸುವ ಮೊದಲು ತಂದೆತಾಯಿಗಳು ಇಷ್ಟು ಮಾಡಲಿ. ಹಣ ಕಟ್ಟುವ ಮುಂಚೆ ಒಂದು ದಿನ, ಶಾಲೆಗೆ ಹೋಗುವ ಹೊತ್ತಿನಲ್ಲೇ, ಮಗುವನ್ನು ನಡೆಸಿಕೊಂಡು ಆ ದಾರಿಯಲ್ಲಿ ಹೋಗಿ ಬನ್ನಿ. ಮಗುವಿನ ಹೆಜ್ಜೆಗೆ ಕಾಲು ಗಂಟೆಯೊಳಗೆ ಮುಟ್ಟಿದರೆ ಸರಿ. ಅರ್ಧ ಗಂಟೆ ಮೀರಿದರೆ ಎರಡು ಸಲ ಯೋಚಿಸಿ. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆಂದು ಅಲ್ಲಿಯವರನ್ನು ಕೇಳಿ. ಪಾಳಿ ಬದಲಾದ ವಾರ ಯಾರು ಬಿಡುವರು, ಯಾರು ತರುವರು ಎಂಬುದನ್ನು ಮನೆಯಲ್ಲಿ ಮೊದಲೇ ನಿಶ್ಚಯ ಮಾಡಿ. ನಡುಹೊತ್ತಿನಲ್ಲಿ ಮಗುವಿಗೆ ಜ್ವರ ಬಂದರೆ ಎಷ್ಟು ಬೇಗ ಮುಟ್ಟಬಲ್ಲಿರಿ ಎಂದು ನೋಡಿ. ಇನ್ನೊಂದು ಮಾತು ಗಂಡಸರಿಗೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುವ ಅಣ್ಣ ಮಲಗುವ ಮೊದಲು ಮಗುವನ್ನು ಬಿಟ್ಟು ಬಂದರೆ ಅವನ ಗೌರವಕ್ಕೇನೂ ಕುಂದಿಲ್ಲ. ಸಂಘದ ಸಭೆಯಲ್ಲಿ ಸಮಾನತೆಯ ಮಾತಾಡುವವರು ಈ ನಡಿಗೆಯಲ್ಲಿ ಅರ್ಧ ಪಾಲು ಹೊರಬೇಕು.

ಆದರೆ ಒಬ್ಬೊಬ್ಬ ತಾಯಿಯ ಜಾಣ್ಮೆಯಿಂದ ಮಾತ್ರ ಈ ಪ್ರಶ್ನೆ ಬಗೆಹರಿಯದು. ಹತ್ತಿರದಲ್ಲಿ ಒಳ್ಳೆಯದು ಇಲ್ಲದಾಗ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ. ಹತ್ತಿರದ್ದನ್ನು ಒಳ್ಳೆಯದು ಮಾಡಿಸುವುದು, ಇಲ್ಲದ ಕಡೆ ತೆರೆಸುವುದು ಎಲ್ಲರೂ ಸೇರಿ ಮಾಡಬೇಕಾದ ಕೆಲಸ. ಅದಕ್ಕೆ ಆಧಾರಗಳೂ ಇವೆ.

ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಒಂದು ಆಜ್ಞೆ ಕೊಟ್ಟಿತು. ಆರು ವರ್ಷದೊಳಗಿನ 40 ಮಕ್ಕಳಾದರೂ ಇದ್ದು, ಅಂಗನವಾಡಿ ಇಲ್ಲದ ಹಳ್ಳಿಯವರು ಅಥವಾ ಕೊಳೆಗೇರಿಯವರು ಕೇಳಿದರೆ, ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಒದಗಿಸಬೇಕೆಂಬುದೇ ಆ ಆಜ್ಞೆ. ಕೇಳಿದರೆ ಎಂಬ ಮಾತನ್ನು ಗಮನಿಸಿ. ಕೇಳದವರಿಗೆ ಯಾರೂ ತಂದುಕೊಡುವುದಿಲ್ಲ. ನಿಮ್ಮ ಕೇರಿಯ ಮಕ್ಕಳ ಹೆಸರು, ವಯಸ್ಸು ಬರೆದು, ಇರುವ ಅಂಗನವಾಡಿಗೆ ಎಷ್ಟು ದೂರ, ನಡುವೆ ಹೆದ್ದಾರಿಯೋ ನಾಲೆಯೋ ರೈಲು ಹಳಿಯೋ ಎಂಬುದನ್ನು ಕಾಣಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಇರುವ ಅಂಗನವಾಡಿ ಸರಿಯಿಲ್ಲದಿದ್ದರೆ ಅದರ ಬಾಲವಿಕಾಸ ಸಮಿತಿಯಲ್ಲಿ ತಂದೆತಾಯಿಗಳಿಗೆ ಸ್ಥಾನವಿದೆ. ಆ ಕುರ್ಚಿಯನ್ನು ಖಾಲಿ ಬಿಡಬೇಡಿ. ಅಲ್ಲಿ ದುಡಿಯುವ ಕಾರ್ಯಕರ್ತೆಯೂ ಸಹಾಯಕಿಯೂ ನಮ್ಮವರೇ. ಗೌರವಧನವೆಂಬ ಹೆಸರಿನಲ್ಲಿ ಕಡಮೆ ಕೂಲಿಗೆ ದುಡಿಯುವ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟು ಒಪ್ಪಿದ್ದು 2022ರಲ್ಲಿ. ಅವರ ಬೇಡಿಕೆ ಈಡೇರದೆ ನಮ್ಮ ಮಕ್ಕಳ ಅಂಗನವಾಡಿ ಸುಧಾರಿಸುವುದಿಲ್ಲ.

ಇನ್ನು ಕಾರ್ಖಾನೆಗಳ ಮಾತು. 1948ರ ಫ್ಯಾಕ್ಟರಿ ಕಾಯಿದೆಯೇ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಗೊತ್ತುಪಡಿಸಿದ ದೂರದೊಳಗೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ದಿನಕ್ಕೆ ನಾಲ್ಕು ಸಲ ಹೋಗಿ ಬರಬೇಕಾದರೆ ಆ ಕೇಂದ್ರ ಎಷ್ಟು ಹತ್ತಿರವಿರಬೇಕೆಂದು ಲೆಕ್ಕ ಹಾಕಲು ಪಂಡಿತರು ಬೇಕಾಗಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ತಂಗಿಯರು ತಮ್ಮ ಕಾರ್ಖಾನೆಯಲ್ಲಿ ಆ ಕೊಠಡಿ ಇದೆಯೆ, ಇದ್ದರೆ ಅದರಲ್ಲಿ ಮಕ್ಕಳಿದ್ದಾರೆಯೆ ಅಥವಾ ಬಟ್ಟೆಯ ಮೂಟೆಗಳಿವೆಯೆ ಎಂದು ನೋಡಿ ಸಂಘಕ್ಕೆ ತಿಳಿಸಲಿ.

ಸಮಯದ ಪ್ರಶ್ನೆಯೂ ಇದೆ. ಅಂಗನವಾಡಿ ಸಂಜೆ ನಾಲ್ಕರ ಹೊತ್ತಿಗೆ ಮುಚ್ಚುತ್ತದೆ, ಕಾರ್ಖಾನೆ ಆ ಹೊತ್ತಿಗೆ ಬಿಡುವುದಿಲ್ಲ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಯೋಜನೆ ತಂದಿತು. ಹಳ್ಳಿಯ ಕೂಲಿಗೆ ಸಲ್ಲುವ ನ್ಯಾಯ ಪಟ್ಟಣದ ಗಿರಣಿ ಕೂಲಿಗೂ ಸಲ್ಲಬೇಡವೆ? ಪಾಳಿಗೆ ಹೊಂದುವ ಹೊತ್ತು, ಕೇರಿಗೆ ಹೊಂದುವ ಜಾಗ, ಈ ಎರಡೂ ಬೇಕು.

ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಹೊರಡುವ ತಂದೆತಾಯಿಗಳಿಗೆ ನಮ್ಮ ವಿನಂತಿ ಇಷ್ಟೆ. ಶುಲ್ಕದ ಪಟ್ಟಿಯ ಪಕ್ಕದಲ್ಲಿ ದಾರಿಯ ಲೆಕ್ಕವನ್ನೂ ಬರೆದು ನೋಡಿ. ಹತ್ತಿರದಲ್ಲಿ ಒಳ್ಳೆಯದಿದ್ದರೆ ನಾಚಿಕೆಯಿಲ್ಲದೆ ಅಲ್ಲಿಗೇ ಸೇರಿಸಿ. ಇಲ್ಲದಿದ್ದರೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕರೆದುಕೊಂಡು ಅರ್ಜಿ ಹಿಡಿದು ಹೊರಡಿ. ತಾಲ್ಲೂಕು ಕಚೇರಿಯವರೆಗೆ ದೊಡ್ಡವರು ನಾಲ್ಕು ಸಲ ನಡೆದರೆ, ಮಕ್ಕಳು ಮೂರು ವರ್ಷ ದಿನವೂ ನಡೆಯುವುದು ತಪ್ಪುತ್ತದೆ.